ನಿಂತಾಗಲೇ ಬಿಸಿ

ಮಾರಿಬೋರಿನ ಒಂದು ನೆಲಮಾಳಿಗೆ. ಗೋಡೆಯಾಚೆ ದ್ರಾವಾ ನದಿ
ಇರಬೇಕು, ಕೇಳಿಸುವುದಿಲ್ಲ. ಕೇಳಿಸುವುದು
ಬಾಯ್ಲರಿನ ಗೊಣಗು, ಅದರ ಮೇಲೆ ನನ್ನಣ್ಣ ಓಜ್ಬಾಲ್ಟನದು:
"ದೊಡ್ಡದೇ ತರೋಣ, ಮೂವತ್ತನಾಲ್ಕರ ಸೈಜಿನದು.
ಎತ್ತಿನಂಥದು."

ನಾನು ಬೇಡವೆಂದೆ.
ಮೂವತ್ತೊಂದು ವರ್ಷ ನೇಯ್ಗೆ ಮಿಲ್ಲಿನಲ್ಲಿ ಕಿವಿ ಸವೆಸಿದವಳು,
ದಢೂತಿ ಮೋಟರು ಓಡು ಎಂದೊಡನೆ ಏದುಸಿರು ಬಿಡುವುದು
ನನಗೆ ಗೊತ್ತಿಲ್ಲವೆ?
ಕಾಗದದಲ್ಲಿ ಬರೆದ ಟಾರ್ಕು ನಿಂತಾಗಿನ ಲೆಕ್ಕ,
ಒಲೆ ಮುಂದಿನ ಪೌರುಷ.
ಸುರುಳಿಯಲ್ಲಿ ಸುತ್ತು ಹೆಚ್ಚಿದಷ್ಟೂ ಕರೆಂಟು ಒಳಗೆ ಬರುವುದು ತಡ;
ಅದು ಹೊಸಿಲು ದಾಟುವಷ್ಟರಲ್ಲಿ
ಹೆಜ್ಜೆ ಇಡುವ ಹೊತ್ತೇ ಮುಗಿದಿರುತ್ತದೆ.

ಔಷಧಿ ಅಂಗಡಿಯ ಲಕೋಟೆ ಹರಿದು ಹಿಂಬದಿಯಲ್ಲಿ ಗೀಚಿದೆ:
ಒಂದು ಸುತ್ತಿಗೆ ಇನ್ನೂರು ಹೆಜ್ಜೆ,
ಒಂದು ಸುತ್ತಿಗೆ ತಿರುಪು ಸರಿಯುವುದು ಐದು ಮಿಲಿಮೀಟರು,
ಅಂದರೆ ಹೆಜ್ಜೆಗೆ ಮಿಲಿಮೀಟರಿನ ನಲವತ್ತನೇ ಪಾಲು.
"ಅಷ್ಟು ಸಣ್ಣಗೆ ನಾನೂ ಕೆತ್ತುತ್ತಿದ್ದೆ" ಎಂದ.
ಹೌದು, ಕೆತ್ತುತ್ತಿದ್ದ. ಲಿಂಡೆನ್ ಹಲಗೆಯ ಮೇಲೆ,
ಜೇನುಪೆಟ್ಟಿಗೆಯ ಮುಖಕ್ಕೊಂದು ಚಿತ್ರ:
ಬೇಟೆಗಾರನ ಹೆಣ ಹೊತ್ತ ಕರಡಿ, ಹಿಂದೆ ಅಳುವ ಮೊಲ.
ತನ್ನ ಮನೆ ಯಾವುದೆಂದು ಜೇನಿಗೆ ತಿಳಿಯಲಿ ಅಂತ.
ಹೋದ ಫೆಬ್ರವರಿಯಲ್ಲಿ ಬಲಗೈ ಬಿತ್ತು.

ಮೊದಲು ಹಳೇ ಪ್ರಿಂಟರು ಬಿಚ್ಚಿ ಒಂದು ಮೋಟರು ತೆಗೆದು ಕಲಿತೆವು.
ನಾಲ್ಕು ವೈರು, ಯಾವುದಕ್ಕೆ ಯಾವುದು ಜೋಡಿಯೋ ಹೆಸರಿಲ್ಲ.
ಅವನು ಎಡಗೈಯಲ್ಲಿ ದಂಡ ತಿರುಗಿಸುವುದು,
ನಾನು ಎರಡೆರಡು ತುದಿ ಮುಟ್ಟಿಸುವುದು.
"ಕೆಂಪು, ನೀಲಿ?"
"ಸಲೀಸು."
"ಕೆಂಪು, ಹಳದಿ?"
"ಸಲೀಸು."
"ಕೆಂಪು, ಹಸಿರು?"
"ಹಾಂ, ಬಿಗೀತು. ಗಂಡಹೆಂಡಿರು ಇವರೇ."

ತೆಜ್ನೋದ ಗುಜರಿ ಗೋದಾಮಿನಲ್ಲಿ ಕ್ಲೆಮೆನ್
ಎತ್ತಿನಂಥದನ್ನೇ ಮುಂದೆ ತಳ್ಳಿದ, ಅರ್ಧ ಬೆಲೆಗೆ.
ಅಣ್ಣನ ಕಣ್ಣು ಅತ್ತ. ನನ್ನ ಚೀಲ ಇತ್ತ.
ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ;
ನಮ್ಮದು ಇರುವೆಗಿಂತ ತುಸು ದೊಡ್ಡದು, ಅಷ್ಟೆ.
ಇಪ್ಪತ್ತಮೂರರ ಸೈಜು, ಕಡಿಮೆ ಸುತ್ತಿನದು, ಮೂರು.
ಮೂವತ್ತಾರು ವೋಲ್ಟಿನ ಸಪ್ಲೈ ಒಂದು.
ಬಸ್ಸಿನಲ್ಲಿ ಮೂರನ್ನೂ ಅವನೇ ತೊಡೆಯ ಮೇಲಿಟ್ಟುಕೊಂಡ,
ಮುನಿಸಿನಲ್ಲೇ.

ಜೋಡಿಸಿ ಕರೆಂಟು ಕೊಟ್ಟ ರಾತ್ರಿ ಏನೂ ಅಲುಗಲಿಲ್ಲ,
ಅಲುಗು ಎಂದು ಇನ್ನೂ ಹೇಳಿರಲಿಲ್ಲ.
ಮುಟ್ಟಿದರೆ ಕಾದ ಕಾವಲಿ.
"ಕೆಲಸವಿಲ್ಲದೆ ಯಾಕಿಷ್ಟು ಬಿಸಿ?"
"ಇದ್ದಲ್ಲೇ ಇರೋದೂ ಕೆಲಸ ಕಣೇ" ಎಂದ,
"ಕರೆಂಟೆಲ್ಲ ಅದಕ್ಕೇ ಹೋಗುತ್ತೆ."
ಮೇಜಿನ ಮೇಲೆ ಅವನ ಬಲಗೈ,
ಅದು ಜಾರದಂತೆ ಹಿಡಿದ ಎಡಗೈ.
ಬಾಯ್ಲರು ಮಾತ್ರ ಗೊಣಗುತ್ತಿತ್ತು.

ಮೊದಲ ಹಲಗೆಗೆ ಅವನು ಆರಿಸಿದ ಚಿತ್ರ:
ಚಾಡಿಕೋರಿಯ ನಾಲಿಗೆಯನ್ನು ಸಾಣೆಗೆ ಹಿಡಿದ ಇಬ್ಬರು ಸೈತಾನರು.
ನನ್ನ ಮುಖ ನೋಡಿಯೇ ಆರಿಸಿದ.
ನಾನು ಚಹಾ ತರಲು ಮೇಲೆ ಹೋದಾಗ ವೇಗ ಏರಿಸಿದ್ದಾನೆ.
ಮೆಟ್ಟಿಲ ಮೇಲಿದ್ದೆ, ಕೆಳಗೆ ಮರದ ಗಂಟು ಸಿಕ್ಕಿತು,
ಗರ್ರ್ ಎಂದು ಒಂದು ಗುಟುರು, ಮತ್ತೆ ಹಾಡಿದಂತೆ ಸಲೀಸು.
ಈ ಜಾತಿಯ ಮೋಟರಿಗೆ ಹಿಂದೆ ನೋಡುವ ಕಣ್ಣಿಲ್ಲ.
ನೂರ ಅರವತ್ತು ಹೆಜ್ಜೆ ತಪ್ಪಿತ್ತು;
ತಪ್ಪಿಲ್ಲವೆಂದೇ ಎಣಿಸುತ್ತ
ಉಳಿದದ್ದನ್ನೆಲ್ಲ ಅಚ್ಚುಕಟ್ಟಾಗಿ ಮುಗಿಸಿತು.

ಊದಿ ಪುಡಿ ತೆಗೆದರೆ
ನಾಲಿಗೆ ನಾಲ್ಕು ಮಿಲಿಮೀಟರು ಉದ್ದ.
ಅಣ್ಣ ನಕ್ಕ, ನಗಲು ಬರುವ ಅರ್ಧ ಮುಖದಲ್ಲಿ:
"ಈಗ ಹೋಲಿಕೆ ಬಂತು ನೋಡು."

ವೇಗ ಇಳಿಸಿ ಆಮೇಲೆ ಇನ್ನೂ ಆರು ಕೊರೆದೆವು, ಒಂದೂ ತಪ್ಪಲಿಲ್ಲ.
ಏಪ್ರಿಲಿನಲ್ಲಿ ಆರನ್ನೂ ಬಿಟ್ಟು
ಅದನ್ನೇ ಮೊದಲ ಗೂಡಿಗೆ ಜಡಿಸಿದ.
ಮೊಳೆ ಹೊಡೆದವಳು ನಾನೇ.
ಮಧ್ಯಾಹ್ನದ ಬಿಸಿಲಿಗೆ ಹೊರಬಿದ್ದ ಜೇನುಗಳು
ನಾಲಿಗೆಯ ತುದಿಯಲ್ಲಿ ಒಂದು ಗಳಿಗೆ ಕೂತು
ಒಳಗೆ ಹೋದವು.